ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಲ್ಲಿ ಪದವಿ ಪ್ರಥಮ ವರ್ಷದ ವಿದ್ಯಾರ್ಥಿಗಳ ವ್ಯಾಸಂಗ ಮುಂದುವರಿಕೆ

ಪದವಿ ಪ್ರಥಮ ವರ್ಷದ ವಿದ್ಯಾರ್ಥಿಗಳ ವ್ಯಾಸಂಗ ಮುಂದುವರಿಕೆ ಎಂದರೆ ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಮೊದಲ ಎರಡು ಸೆಮಿಸ್ಟರ್‌ಗಳನ್ನು ದಾಟಿ ಎರಡನೆಯ ವರ್ಷಕ್ಕೆ ನೋಂದಾಯಿಸಿಕೊಳ್ಳುವುದು. ಇದು ಸಾಧ್ಯವಾಗಲೆಂದು ಕಾಲೇಜು, ವಿಶ್ವವಿದ್ಯಾಲಯ, ಸರ್ಕಾರ ಮತ್ತು ಸಮುದಾಯಗಳು ಒದಗಿಸುವ ಶೈಕ್ಷಣಿಕ, ಆರ್ಥಿಕ ಹಾಗೂ ಸಾಮಾಜಿಕ ನೆರವನ್ನು ಒಟ್ಟಾಗಿ ಪ್ರಥಮ ವರ್ಷದ ವಿದ್ಯಾರ್ಥಿ ಬೆಂಬಲ ಎಂದು ಕರೆಯಲಾಗುತ್ತದೆ. ಕರ್ನಾಟಕದ ಕೋಲಾರ ಜಿಲ್ಲೆಯ ಕೋಲಾರ ಚಿನ್ನದ ಗಣಿ ಪ್ರದೇಶ (ಕೆ.ಜಿ.ಎಫ್.) ಮತ್ತು ಬಂಗಾರಪೇಟೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. 2001ರಲ್ಲಿ ಗಣಿಗಳು ಮುಚ್ಚಿದ ನಂತರ ಇಲ್ಲಿನ ಅನೇಕ ಕುಟುಂಬಗಳಿಗೆ ಶಿಕ್ಷಣವೇ ಪರ್ಯಾಯ ಜೀವನಾಧಾರದ ಮುಖ್ಯ ದಾರಿಯಾಯಿತು. ಆದರೆ ಆ ದಾರಿಯ ಮೊದಲ ವರ್ಷವೇ ಹಲವರಿಗೆ ಅತಿ ಕಠಿಣವಾದ ಹಂತವಾಗಿದೆ.

ಪರಿಭಾಷೆ

ಶಿಕ್ಷಣಶಾಸ್ತ್ರದಲ್ಲಿ "ಉಳಿಕೆ" ಮತ್ತು "ಮುಂದುವರಿಕೆ" ಎಂಬ ಎರಡು ಪರಿಕಲ್ಪನೆಗಳನ್ನು ಬೇರೆಬೇರೆಯಾಗಿ ನೋಡಲಾಗುತ್ತದೆ. ಉಳಿಕೆಯು ಸಂಸ್ಥೆಯ ದೃಷ್ಟಿಯಿಂದ ಅಳೆಯುವ ಪ್ರಮಾಣ: ಒಂದು ಕಾಲೇಜಿಗೆ ಸೇರಿದವರಲ್ಲಿ ಎಷ್ಟು ಮಂದಿ ಮುಂದಿನ ವರ್ಷವೂ ಅದೇ ಕಾಲೇಜಿನಲ್ಲಿದ್ದಾರೆ ಎಂಬುದನ್ನು ಅದು ಸೂಚಿಸುತ್ತದೆ. ಮುಂದುವರಿಕೆಯು ವಿದ್ಯಾರ್ಥಿಯ ದೃಷ್ಟಿಯಿಂದ ಅಳೆಯುವ ಪ್ರಮಾಣ: ಕಾಲೇಜು ಬದಲಾದರೂ ಆತ ಅಥವಾ ಆಕೆ ಓದನ್ನು ಬಿಟ್ಟಿಲ್ಲ ಎಂಬುದನ್ನು ಅದು ಸೂಚಿಸುತ್ತದೆ. ಬಂಗಾರಪೇಟೆಯ ಕಾಲೇಜಿನಿಂದ ಕೋಲಾರದ ಕಾಲೇಜಿಗೆ ವರ್ಗಾವಣೆಗೊಂಡ ವಿದ್ಯಾರ್ಥಿನಿಯು ಮೊದಲ ಲೆಕ್ಕದಲ್ಲಿ ನಷ್ಟವಾಗಿಯೂ ಎರಡನೆಯ ಲೆಕ್ಕದಲ್ಲಿ ಮುಂದುವರಿದವಳಾಗಿಯೂ ಕಾಣುತ್ತಾಳೆ.

ವ್ಯಾಸಂಗ ತೊರೆಯುವುದು ಸಾಮಾನ್ಯವಾಗಿ ಒಂದೇ ದಿನ ನಡೆಯುವ ಘಟನೆಯಲ್ಲ. ತರಗತಿಗೆ ತಪ್ಪುವುದು, ಆಂತರಿಕ ಪರೀಕ್ಷೆಗೆ ಗೈರಾಗುವುದು, ಪರೀಕ್ಷಾ ಶುಲ್ಕ ಕಟ್ಟದಿರುವುದು ಮತ್ತು ಮುಂದಿನ ಸೆಮಿಸ್ಟರ್‌ಗೆ ನೋಂದಾಯಿಸಿಕೊಳ್ಳದಿರುವುದು ಇದರ ಹಂತಗಳು. ವಿದ್ಯಾರ್ಥಿ ಬೆಂಬಲದ ಬಹುಪಾಲು ಕ್ರಮಗಳು ಈ ಸರಣಿಯನ್ನು ಆರಂಭದಲ್ಲಿಯೇ ಗುರುತಿಸುವುದನ್ನು ಅವಲಂಬಿಸಿವೆ.

ಪ್ರಾದೇಶಿಕ ಹಿನ್ನೆಲೆ

ಕೋಲಾರದ ಚಿನ್ನದ ಗಣಿಗಳಲ್ಲಿ ಬ್ರಿಟನ್ನಿನ ಜಾನ್ ಟೇಲರ್ ಕಂಪನಿಯು 1880ರ ದಶಕದಲ್ಲಿ ಆಧುನಿಕ ಗಣಿಗಾರಿಕೆಯನ್ನು ಆರಂಭಿಸಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಗಣಿಗಳಿಗೆ ತಲುಪಿತು. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳವಿದ್ದು, ವಿಶ್ವದ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತ್ತು. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ರಾಷ್ಟ್ರೀಕರಣಗೊಳಿಸಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಅಧೀನಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿ.ಜಿ.ಎಂ.ಎಲ್.) ಸ್ಥಾಪನೆಯಾಯಿತು. ಅದಿರಿನ ಗುಣಮಟ್ಟ ಕುಸಿದು ಉತ್ಪಾದನಾ ವೆಚ್ಚ ಏರಿದ್ದರಿಂದ 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು.

ಗಣಿಯ ಉಚ್ಛ್ರಾಯ ಕಾಲದಲ್ಲಿ ಇಲ್ಲಿ 20 ಸಾವಿರಕ್ಕೂ ಹೆಚ್ಚು ಕಾರ್ಮಿಕರಿದ್ದರು. ಅವರಲ್ಲಿ ದೊಡ್ಡ ಪಾಲು ಅಂದಿನ ಮದ್ರಾಸ್ ಪ್ರಾಂತ್ಯದ ತಮಿಳು ಮತ್ತು ತೆಲುಗು ಭಾಷಿಕ ಜಿಲ್ಲೆಗಳಿಂದ ಬಂದವರಾಗಿದ್ದು, ಅನೇಕರು ದಲಿತ ಸಮುದಾಯಗಳಿಗೆ ಸೇರಿದವರು. ಅವರ ವಂಶಸ್ಥರು ಇಂದಿಗೂ "ಲೈನ್" ಎಂದು ಕರೆಯಲಾಗುವ ಸಾಲುಮನೆಗಳಲ್ಲಿ ವಾಸಿಸುತ್ತಾರೆ. ಊರಿನ ಬೀದಿಗಳಲ್ಲಿ ತಮಿಳು, ತೆಲುಗು, ಕನ್ನಡ ಮತ್ತು ಉರ್ದು ಭಾಷೆಗಳು ಬಳಕೆಯಲ್ಲಿವೆ. ಹಿಂದೆ ಬಂಗಾರಪೇಟೆ ತಾಲ್ಲೂಕಿನ ಭಾಗವಾಗಿದ್ದ ಕೆ.ಜಿ.ಎಫ್. ಈಗ ಪ್ರತ್ಯೇಕ ತಾಲ್ಲೂಕಾಗಿದೆ.

ಗಣಿ ಕಂಪನಿಯು ನೌಕರಿಯ ಜೊತೆಗೆ ವಸತಿ, ಆಸ್ಪತ್ರೆ ಮೊದಲಾದ ಸೌಲಭ್ಯಗಳನ್ನೂ ಒದಗಿಸುತ್ತಿತ್ತು. ಅದು ಮುಚ್ಚಿದಾಗ ಕುಟುಂಬಗಳು ಸಂಬಳದೊಂದಿಗೆ ಈ ಆಸರೆಯನ್ನೂ ಕಳೆದುಕೊಂಡವು. ಅಂದಿನಿಂದ ದೊಡ್ಡ ಸಂಖ್ಯೆಯ ಜನರು ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲ್ ಮತ್ತು ಬಂಗಾರಪೇಟೆ ನಿಲ್ದಾಣಗಳಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್ ದೂರವಿದೆ. ತಂದೆ ತಾಯಿ ಇಬ್ಬರೂ ಹೀಗೆ ಪ್ರಯಾಣಿಸುವ ಮನೆಗಳಲ್ಲಿ ಹಿರಿಯ ಮಗ ಅಥವಾ ಮಗಳು ಕಾಲೇಜಿನ ಓದಿನೊಂದಿಗೆ ಮನೆವಾರ್ತೆಯನ್ನೂ ನೋಡಿಕೊಳ್ಳಬೇಕಾಗುತ್ತದೆ.

ಉನ್ನತ ಶಿಕ್ಷಣ ಸಂಸ್ಥೆಗಳು

ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಎರಡೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಕೆ.ಜಿ.ಎಫ್.ನಲ್ಲಿ ಶ್ರೀ ಭಗವಾನ್ ಮಹಾವೀರ್ ಜೈನ್ ಕಾಲೇಜು, ಡಾ. ಟಿ. ತಿಮ್ಮಯ್ಯ ತಾಂತ್ರಿಕ ಮಹಾವಿದ್ಯಾಲಯ ಮತ್ತು ಕೆಂಗಲ್ ಹನುಮಂತಯ್ಯ ಕಾನೂನು ಕಾಲೇಜು ಸಹ ಇವೆ. ಕಲೆ, ವಾಣಿಜ್ಯ ಮತ್ತು ವಿಜ್ಞಾನ ಪದವಿ ಕಾಲೇಜುಗಳು ಮೊದಲು ಬೆಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಆ ವಿಶ್ವವಿದ್ಯಾಲಯದ ವಿಭಜನೆಯಿಂದ ರೂಪುಗೊಂಡು 2017ರಲ್ಲಿ ಕಾರ್ಯಾರಂಭ ಮಾಡಿದ, ಕೋಲಾರದ ಟಮಕದಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು ಈಗ ಈ ಪ್ರದೇಶದ ಸಂಯೋಜನಾ ವಿಶ್ವವಿದ್ಯಾಲಯವಾಗಿದೆ. ಎಂಜಿನಿಯರಿಂಗ್ ಶಿಕ್ಷಣವು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧೀನದಲ್ಲಿಯೂ ಕಾನೂನು ಶಿಕ್ಷಣವು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದಲ್ಲಿಯೂ ಇವೆ.

ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ನೇ ಸಾಲಿನ ವರದಿಯಂತೆ 18ರಿಂದ 23 ವರ್ಷ ವಯೋಮಾನದವರ ಒಟ್ಟು ದಾಖಲಾತಿ ಅನುಪಾತವು ದೇಶದಲ್ಲಿ ಶೇಕಡಾ 28.4 ಮತ್ತು ಕರ್ನಾಟಕದಲ್ಲಿ ಶೇಕಡಾ 36.2 ಇತ್ತು. ಈ ಅನುಪಾತವು ದಾಖಲಾದವರನ್ನು ಎಣಿಸುತ್ತದೆ. ದಾಖಲಾದವರಲ್ಲಿ ಪದವಿ ಪಡೆಯುವವರೆಗೆ ಉಳಿದವರೆಷ್ಟು ಎಂಬುದು ಇದರಿಂದ ತಿಳಿಯುವುದಿಲ್ಲ.

ಸೈದ್ಧಾಂತಿಕ ಹಿನ್ನೆಲೆ

ವ್ಯಾಸಂಗ ತೊರೆಯುವಿಕೆಯ ಅಧ್ಯಯನದಲ್ಲಿ ಹೆಚ್ಚು ಪ್ರಭಾವ ಬೀರಿದ್ದು ಅಮೆರಿಕದ ಶಿಕ್ಷಣತಜ್ಞ ವಿನ್ಸೆಂಟ್ ಟಿಂಟೊ 1975ರಲ್ಲಿ ಮಂಡಿಸಿದ ಮಾದರಿ. ವಿದ್ಯಾರ್ಥಿಯು ಪಾಠಪ್ರವಚನಗಳಲ್ಲಿ ಮತ್ತು ಸಂಸ್ಥೆಯ ಸಾಮಾಜಿಕ ಜೀವನದಲ್ಲಿ ಎಷ್ಟು ಬೆರೆಯುತ್ತಾನೆ ಎಂಬುದರ ಮೇಲೆ ಆತನ ಉಳಿಕೆ ನಿಂತಿದೆ ಎಂಬುದು ಇದರ ತಿರುಳು. ಅಲೆಕ್ಸಾಂಡರ್ ಆಸ್ಟಿನ್ 1984ರಲ್ಲಿ ಮಂಡಿಸಿದ ಸಿದ್ಧಾಂತವು ವಿದ್ಯಾರ್ಥಿಯು ಓದಿಗೆ ಮತ್ತು ಕಾಲೇಜಿನ ಚಟುವಟಿಕೆಗಳಿಗೆ ನೀಡುವ ಸಮಯ ಹಾಗೂ ಶ್ರಮಕ್ಕೆ ಒತ್ತು ನೀಡಿತು.

ಈ ಮಾದರಿಗಳು ಮುಖ್ಯವಾಗಿ ವಿಶ್ವವಿದ್ಯಾಲಯದ ಆವರಣದಲ್ಲಿಯೇ ವಾಸಿಸುವ ವಿದ್ಯಾರ್ಥಿಗಳನ್ನು ಗಮನದಲ್ಲಿರಿಸಿಕೊಂಡಿದ್ದವು. ಜಾನ್ ಬೀನ್ ಮತ್ತು ಬಾರ್ಬರಾ ಮೆಟ್ಜ್ನರ್ 1985ರಲ್ಲಿ ಮನೆಯಿಂದ ಓಡಾಡುವ, ದುಡಿಯುತ್ತ ಓದುವ ವಿದ್ಯಾರ್ಥಿಗಳಿಗಾಗಿ ಬೇರೆ ಮಾದರಿಯನ್ನು ರೂಪಿಸಿದರು. ಇಂತಹವರ ವಿಷಯದಲ್ಲಿ ಕಾಲೇಜಿನೊಳಗಿನ ಸ್ನೇಹ ಸಂಬಂಧಗಳಿಗಿಂತ ಹಣಕಾಸು, ದುಡಿಮೆಯ ಗಂಟೆಗಳು, ಕುಟುಂಬದ ಹೊಣೆ ಮತ್ತು ಮನೆಯವರ ಪ್ರೋತ್ಸಾಹದಂತಹ ಹೊರಗಿನ ಅಂಶಗಳು ಹೆಚ್ಚು ನಿರ್ಣಾಯಕ ಎಂದು ಅವರು ವಾದಿಸಿದರು. ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಪದವಿ ಕಾಲೇಜುಗಳ ಪರಿಸ್ಥಿತಿಗೆ ಈ ಎರಡನೆಯ ಮಾದರಿಯು ಹೆಚ್ಚು ಹೊಂದುತ್ತದೆ.

ಪ್ರಥಮ ವರ್ಷದ ತೊಡಕುಗಳು

ಪ್ರಯಾಣ ಮತ್ತು ಹಾಜರಾತಿ: ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇಕಡಾ 75ರಷ್ಟು ಹಾಜರಾತಿ ಬೇಕು. ರೈಲು ಅಥವಾ ಬಸ್ಸಿನ ವೇಳೆಯಿಂದಾಗಿ ಪ್ರತಿದಿನ ಮೊದಲ ಅವಧಿಯೊಂದನ್ನೇ ತಪ್ಪಿಸಿಕೊಳ್ಳುವ ವಿದ್ಯಾರ್ಥಿಯ ಒಟ್ಟು ಹಾಜರಾತಿ ತೃಪ್ತಿಕರವಾಗಿ ಕಾಣಬಹುದು. ಆದರೆ ವಾರಕ್ಕೆ ನಾಲ್ಕು ತರಗತಿಗಳಿರುವ ವಿಷಯದ ಎರಡು ತರಗತಿಗಳು ಮೊದಲ ಅವಧಿಯಲ್ಲಿದ್ದರೆ ಆ ವಿಷಯದ ಹಾಜರಾತಿ ಶೇಕಡಾ 50ಕ್ಕೆ ಇಳಿಯುತ್ತದೆ. ಒಟ್ಟು ಹಾಜರಾತಿಯನ್ನು ಮಾತ್ರ ನೋಡಿದರೆ ಈ ಕೊರತೆ ಸೆಮಿಸ್ಟರಿನ ಕೊನೆಯವರೆಗೂ ಗಮನಕ್ಕೆ ಬರುವುದಿಲ್ಲ.

ಹಣ: ಸರ್ಕಾರಿ ಕಾಲೇಜಿನ ಬೋಧನಾ ಶುಲ್ಕ ಕಡಿಮೆಯಾದರೂ ಪರೀಕ್ಷಾ ಶುಲ್ಕ, ಪುಸ್ತಕ, ಪ್ರಯಾಣ, ಮಧ್ಯಾಹ್ನದ ಊಟ ಮತ್ತು ಮೊಬೈಲ್ ಡೇಟಾ ಸೇರಿದರೆ ವೆಚ್ಚ ಬೆಳೆಯುತ್ತದೆ. ವಿದ್ಯಾರ್ಥಿವೇತನವು ಮಂಜೂರಾದರೂ ಶುಲ್ಕ ಕಟ್ಟುವ ದಿನಕ್ಕೆ ಕೈಗೆ ಸಿಗದಿದ್ದರೆ ಕುಟುಂಬವು ಕೈಸಾಲ ಮಾಡಬೇಕಾಗುತ್ತದೆ. ಇಂತಹ ಸಂದರ್ಭದಲ್ಲಿ ಸಣ್ಣ ಮೊತ್ತವೂ ಓದು ನಿಲ್ಲಲು ಕಾರಣವಾಗಬಹುದು.

ಭಾಷೆ: ಪಿ.ಯು.ಸಿ.ಯವರೆಗೆ ಕನ್ನಡ ಮಾಧ್ಯಮದಲ್ಲಿ, ಅಥವಾ ಪ್ರಾಥಮಿಕ ಹಂತದಲ್ಲಿ ತಮಿಳು, ತೆಲುಗು ಇಲ್ಲವೇ ಉರ್ದು ಮಾಧ್ಯಮದಲ್ಲಿ ಓದಿದವರು ಪದವಿಯಲ್ಲಿ ಇಂಗ್ಲಿಷ್ ಪಠ್ಯಗಳನ್ನು ಎದುರಿಸುತ್ತಾರೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಪದವಿಯಲ್ಲಿ ಮತ್ತೊಂದು ಎಂಬ ಸ್ಥಿತಿ ಗಡಿನಾಡಿನ ಈ ಪ್ರದೇಶದಲ್ಲಿ ಅಪರೂಪವಲ್ಲ. ಲೆಕ್ಕಶಾಸ್ತ್ರ ಅಥವಾ ಭೌತಶಾಸ್ತ್ರದಲ್ಲಿ ಅನುತ್ತೀರ್ಣರಾದವರಲ್ಲಿ ಕೆಲವರಿಗೆ ವಿಷಯ ತಿಳಿದಿದ್ದರೂ ಪ್ರಶ್ನೆಯ ಭಾಷೆ ತಿಳಿಯದಿರಬಹುದು.

ದುಡಿಮೆಯ ಸೆಳೆತ: ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್ ಮತ್ತು ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ಪಿ.ಯು.ಸಿ. ಅಥವಾ ಐ.ಟಿ.ಐ. ಮುಗಿಸಿದವರಿಗೆ ಗುತ್ತಿಗೆ ಆಧಾರದ ಕೆಲಸಗಳು ಸಿಗುತ್ತವೆ. ತಿಂಗಳ ಸಂಬಳ ಕೂಡಲೇ ಕಣ್ಣಿಗೆ ಕಾಣುತ್ತದೆ; ಪದವಿಯ ಫಲ ಮೂರು ವರ್ಷಗಳ ಆಚೆಗಿರುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಒಂದೆರಡು ವಿಷಯಗಳು ಬಾಕಿ ಉಳಿದಾಗ ಈ ಸೆಳೆತ ಇನ್ನಷ್ಟು ಬಲವಾಗುತ್ತದೆ.

ಮೊದಲ ತಲೆಮಾರಿನ ವಿದ್ಯಾರ್ಥಿಗಳು: ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರದಿದ್ದರೆ ಸೆಮಿಸ್ಟರ್, ಆಂತರಿಕ ಅಂಕ, ಕ್ರೆಡಿಟ್, ಮರುಮೌಲ್ಯಮಾಪನ ಮುಂತಾದ ಪದಗಳನ್ನು ವಿವರಿಸುವವರು ಇರುವುದಿಲ್ಲ. ಒಂದು ವಿಷಯದಲ್ಲಿ ಅನುತ್ತೀರ್ಣರಾದರೂ ಅದನ್ನು ಬಾಕಿ ಉಳಿಸಿಕೊಂಡು ಮುಂದಿನ ಸೆಮಿಸ್ಟರಿಗೆ ಹೋಗಬಹುದೆಂಬ ಸಾಮಾನ್ಯ ನಿಯಮ ತಿಳಿಯದೆ, "ಫೇಲಾಯಿತು" ಎಂದು ಓದನ್ನೇ ನಿಲ್ಲಿಸುವ ಸಾಧ್ಯತೆ ಇರುತ್ತದೆ. ವಿದ್ಯಾರ್ಥಿನಿಯರ ವಿಷಯದಲ್ಲಿ ವಿವಾಹ ಮತ್ತು ಪ್ರಯಾಣದ ಸುರಕ್ಷತೆಯ ಆತಂಕವೂ ಸೇರಿಕೊಳ್ಳುತ್ತದೆ.

ಬೆಂಬಲದ ವಿಧಾನಗಳು

ಪ್ರವೇಶ ಪರಿಚಯ ಕಾರ್ಯಕ್ರಮ: ಅಮೆರಿಕದ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯವು 1972ರಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ "ಯೂನಿವರ್ಸಿಟಿ 101" ಎಂಬ ಪಠ್ಯವನ್ನು ಆರಂಭಿಸಿತು. ಭಾರತದಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಮೂರು ವಾರಗಳ ಪರಿಚಯ ಕಾರ್ಯಕ್ರಮವನ್ನು ರೂಪಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು (ಯು.ಜಿ.ಸಿ.) 2019ರಲ್ಲಿ "ದೀಕ್ಷಾರಂಭ" ಎಂಬ ಮಾರ್ಗದರ್ಶಿಯನ್ನು ಹೊರತಂದಿತು. ಪರೀಕ್ಷಾ ನಿಯಮ, ಹಾಜರಾತಿ, ಗ್ರಂಥಾಲಯ ಮತ್ತು ವಿದ್ಯಾರ್ಥಿವೇತನದ ಮಾಹಿತಿಯನ್ನು ಮನೆಮಾತಿನಲ್ಲಿ, ಪೋಷಕರ ಸಮ್ಮುಖದಲ್ಲಿ ನೀಡಿದಾಗ ಇಂತಹ ಕಾರ್ಯಕ್ರಮದ ಉಪಯೋಗ ಹೆಚ್ಚುತ್ತದೆ. ಬೆಂಗಳೂರಿಗೆ ದುಡಿಯಲು ಹೋಗುವ ಪೋಷಕರು ವಾರದ ದಿನಗಳಲ್ಲಿ ಬರಲಾಗದ ಕಾರಣ ಇಲ್ಲಿ ಭಾನುವಾರದ ಸಭೆಗಳು ಹೆಚ್ಚು ಅನುಕೂಲಕರ.

ಸೇತುಬಂಧ ಮತ್ತು ಪರಿಹಾರ ಬೋಧನೆ: ಪಿ.ಯು.ಸಿ. ಮತ್ತು ಪದವಿ ಪಠ್ಯಗಳ ನಡುವಿನ ಅಂತರವನ್ನು ತುಂಬಲು ತರಗತಿಗಳ ಆರಂಭದಲ್ಲಿ ಸೇತುಬಂಧ ಶಿಕ್ಷಣವನ್ನು ನಡೆಸಲಾಗುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಹಾಗೂ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಪರಿಹಾರ ಬೋಧನೆಗೆ ಯು.ಜಿ.ಸಿ. ಯೋಜನೆಯೊಂದನ್ನು ರೂಪಿಸಿತ್ತು. ಪ್ರತಿ ವಿಷಯದ ಪಾರಿಭಾಷಿಕ ಪದಗಳನ್ನು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ನೀಡುವ ಕಿರು ಪದಕೋಶವು ಕಡಿಮೆ ವೆಚ್ಚದ ಸಾಧನ.

ಸಹಪಾಠಿ ಕಲಿಕೆ: ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಆವರಣದಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಪೂರಕ ಬೋಧನೆ ಎಂಬ ಕ್ರಮವನ್ನು ಆರಂಭಿಸಿದರು. ಇದರಲ್ಲಿ ದುರ್ಬಲ ವಿದ್ಯಾರ್ಥಿಗಳನ್ನು ಪ್ರತ್ಯೇಕಿಸುವುದಿಲ್ಲ. ಹೆಚ್ಚು ಮಂದಿ ಅನುತ್ತೀರ್ಣರಾಗುವ ಕಠಿಣ ವಿಷಯವನ್ನು ಗುರುತಿಸಿ, ಹಿಂದೆ ಅದರಲ್ಲಿ ಚೆನ್ನಾಗಿ ತೇರ್ಗಡೆಯಾದ ಹಿರಿಯ ವಿದ್ಯಾರ್ಥಿಯಿಂದ ಎಲ್ಲರಿಗೂ ಮುಕ್ತವಾದ ಅಧ್ಯಯನ ಗುಂಪನ್ನು ನಡೆಸಲಾಗುತ್ತದೆ. "ದಡ್ಡರ ತರಗತಿ" ಎಂಬ ಹಣೆಪಟ್ಟಿ ಅಂಟದಿರುವುದು ಈ ಕ್ರಮದ ವೈಶಿಷ್ಟ್ಯ.

ಮಾರ್ಗದರ್ಶಕ ವ್ಯವಸ್ಥೆ ಮತ್ತು ಮುನ್ನೆಚ್ಚರಿಕೆ: ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿಯು (ನ್ಯಾಕ್) ಕಾಲೇಜುಗಳ ಮೌಲ್ಯಮಾಪನದಲ್ಲಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕ ಅಧ್ಯಾಪಕರನ್ನು ನೇಮಿಸುವುದನ್ನೂ ಪರಿಗಣಿಸಿದೆ. ಈ ವ್ಯವಸ್ಥೆಯಲ್ಲಿ ಪ್ರತಿ ಅಧ್ಯಾಪಕರಿಗೆ ನಿರ್ದಿಷ್ಟ ಸಂಖ್ಯೆಯ ವಿದ್ಯಾರ್ಥಿಗಳನ್ನು ವಹಿಸಲಾಗುತ್ತದೆ. ಸತತ ಗೈರುಹಾಜರಿ, ಮೊದಲ ಆಂತರಿಕ ಪರೀಕ್ಷೆಗೆ ಬಾರದಿರುವುದು ಮತ್ತು ಶುಲ್ಕ ಬಾಕಿ ಎಂಬ ಮೂರು ಸೂಚನೆಗಳನ್ನು ಒಟ್ಟಿಗೆ ಗಮನಿಸಿದರೆ ತೊಂದರೆಯಲ್ಲಿರುವವರನ್ನು ಬೇಗ ಗುರುತಿಸಬಹುದು. ಮನೆಗೆ ಮಾಡುವ ಒಂದು ದೂರವಾಣಿ ಕರೆ ಸೆಮಿಸ್ಟರಿನ ಕೊನೆಯಲ್ಲಿ ಕಳುಹಿಸುವ ನೋಟಿಸಿಗಿಂತ ಹೆಚ್ಚು ಪರಿಣಾಮಕಾರಿ.

ವಿದ್ಯಾರ್ಥಿವೇತನ: ಕರ್ನಾಟಕದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್.ಎಸ್.ಪಿ.) ಮೂಲಕ ಅರ್ಜಿ ಸಲ್ಲಿಸಬೇಕು. ಪರಿಶಿಷ್ಟ ಜಾತಿಯವರಿಗಾಗಿ ಇರುವ ಕೇಂದ್ರ ಪುರಸ್ಕೃತ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಸಿಗದಿದ್ದಾಗ ವಿದ್ಯಾಸಿರಿ ಯೋಜನೆಯಡಿ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳ ಊಟ ಮತ್ತು ವಸತಿ ಸಹಾಯಧನ ನೀಡಲಾಗುತ್ತಿತ್ತು. 2021ರಲ್ಲಿ ಘೋಷಿಸಲಾದ ರೈತ ವಿದ್ಯಾನಿಧಿಯಡಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ರೈತರ ಮಕ್ಕಳಿಗೆ ವಾರ್ಷಿಕ 5,000 ರೂಪಾಯಿ (ವಿದ್ಯಾರ್ಥಿನಿಯರಿಗೆ 5,500 ರೂಪಾಯಿ) ನಿಗದಿಯಾಯಿತು. ಅರ್ಜಿಗಳು ತಡೆಹಿಡಿಯಲ್ಪಡಲು ತಾಂತ್ರಿಕ ಕಾರಣಗಳೂ ಇರುತ್ತವೆ: ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರಿನ ವ್ಯತ್ಯಾಸ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿರುವುದು, ನಾಡಕಚೇರಿಯಿಂದ ಪಡೆಯಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು. ತಮಿಳು ಮತ್ತು ತೆಲುಗು ಹೆಸರುಗಳ ಇನಿಷಿಯಲ್ ಬೇರೆಬೇರೆ ದಾಖಲೆಗಳಲ್ಲಿ ಬೇರೆಬೇರೆ ರೀತಿಯಲ್ಲಿದ್ದರೆ ಇಂತಹ ತೊಂದರೆ ಸುಲಭವಾಗಿ ಉಂಟಾಗುತ್ತದೆ. ಕಾಲೇಜಿನಲ್ಲಿಯೇ ಸಹಾಯ ಕೇಂದ್ರ ತೆರೆದು ಪ್ರವೇಶದ ವೇಳೆಯಲ್ಲಿಯೇ ದಾಖಲೆಗಳನ್ನು ಪರಿಶೀಲಿಸಿದರೆ ಇವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಬಹುದು.

ಪ್ರಯಾಣ ಸೌಲಭ್ಯ: 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಭಾರತೀಯ ರೈಲ್ವೆಯು ಪದವಿ ಹಂತದವರೆಗಿನ ವಿದ್ಯಾರ್ಥಿನಿಯರಿಗೆ ಮನೆ ಮತ್ತು ಕಾಲೇಜಿನ ನಡುವೆ ಎರಡನೇ ದರ್ಜೆಯ ಮಾಸಿಕ ಸೀಸನ್ ಟಿಕೆಟನ್ನು ಉಚಿತವಾಗಿ ನೀಡುವ ನಿಯಮ ಹೊಂದಿದೆ. ಹುಡುಗರಿಗೆ ಈ ಉಚಿತ ಸೌಲಭ್ಯ 12ನೇ ತರಗತಿಗೆ ಕೊನೆಗೊಳ್ಳುವುದರಿಂದ ಅವರು ಪದವಿಯಲ್ಲಿ ರಿಯಾಯಿತಿ ಪಾಸುಗಳನ್ನು ಅವಲಂಬಿಸಬೇಕು. ರೈಲು ಮತ್ತು ಬಸ್ಸಿನ ವೇಳೆಗೆ ಹೊಂದುವಂತೆ ವೇಳಾಪಟ್ಟಿ ರೂಪಿಸುವುದು ಕಾಲೇಜು ತಾನೇ ಕೈಗೊಳ್ಳಬಹುದಾದ ಕ್ರಮ.

ಮಾನಸಿಕ ಆರೋಗ್ಯ: 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯು (14416) ಕನ್ನಡ, ತಮಿಳು, ತೆಲುಗು ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತ ಸಮಾಲೋಚನೆ ನೀಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಮುಖ ಸಂಸ್ಥೆ. ಹೊಸ ವಿದ್ಯಾರ್ಥಿಗಳ ರಕ್ಷಣೆಗಾಗಿ ಯು.ಜಿ.ಸಿ. 2009ರಲ್ಲಿ ರ‍್ಯಾಗಿಂಗ್ ತಡೆ ನಿಯಮಾವಳಿಯನ್ನು ಜಾರಿಗೊಳಿಸಿದೆ.

ಮರಳಿ ಬರುವ ಅವಕಾಶ

ರಾಷ್ಟ್ರೀಯ ಶಿಕ್ಷಣ ನೀತಿಯು ಕರ್ನಾಟಕದಲ್ಲಿ 2021-22ನೇ ಸಾಲಿನಿಂದ ಜಾರಿಯಾದಾಗ ಒಂದು ವರ್ಷದ ಓದಿಗೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ ನೀಡುವ ಬಹುನಿರ್ಗಮನ ವ್ಯವಸ್ಥೆ ಬಂದಿತು. ಯು.ಜಿ.ಸಿ. 2021ರಲ್ಲಿ ರೂಪಿಸಿದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಗರಿಷ್ಠ 7 ವರ್ಷಗಳವರೆಗೆ ಉಳಿಸಿಕೊಳ್ಳಲು ಅವಕಾಶವಿದೆ. ರಾಜ್ಯ ಸರ್ಕಾರವು 2024-25ನೇ ಸಾಲಿನಿಂದ ಮೂರು ವರ್ಷದ ಪದವಿ ಕ್ರಮಕ್ಕೆ ಮರಳಿತು. ನಿಯಮಿತ ಕಾಲೇಜಿಗೆ ಮರಳಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯಗಳ ದೂರಶಿಕ್ಷಣ ಲಭ್ಯವಿದೆ.

ಅಳತೆ

ಉಳಿಕೆಯ ಪ್ರಮಾಣವನ್ನು ಲೆಕ್ಕ ಹಾಕುವ ಕ್ರಮ ಸರಳ. ಉದಾಹರಣೆಗೆ, ಒಂದು ವಿಭಾಗಕ್ಕೆ 120 ಮಂದಿ ಸೇರಿ, ಅವರಲ್ಲಿ 96 ಮಂದಿ ಮೂರನೆಯ ಸೆಮಿಸ್ಟರಿಗೆ ನೋಂದಾಯಿಸಿಕೊಂಡರೆ ಉಳಿಕೆ ಶೇಕಡಾ 80. ಉಳಿದ 24 ಮಂದಿಯಲ್ಲಿ ವರ್ಗಾವಣೆಯಾದವರು, ವೃತ್ತಿ ಶಿಕ್ಷಣಕ್ಕೆ ಸೀಟು ಸಿಕ್ಕಿ ಹೋದವರು ಮತ್ತು ಓದು ನಿಲ್ಲಿಸಿದವರನ್ನು ಬೇರೆ ಮಾಡಿ ನೋಡಿದಾಗ ಮಾತ್ರ ಈ ಅಂಕಿಗೆ ಅರ್ಥ ಬರುತ್ತದೆ. ಹುಡುಗರು ಮತ್ತು ಹುಡುಗಿಯರು, ಪಿ.ಯು.ಸಿ.ಯ ಮಾಧ್ಯಮ ಹಾಗೂ ಪ್ರಯಾಣದ ದೂರದ ಪ್ರಕಾರ ವಿಂಗಡಿಸಿದರೆ ಯಾವ ನೆರವು ಯಾರಿಗೆ ಬೇಕೆಂಬುದು ತಿಳಿಯುತ್ತದೆ. 2021ರಿಂದ ಪದವಿ ಪ್ರವೇಶಕ್ಕೆ ಬಳಕೆಯಲ್ಲಿರುವ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆಯಲ್ಲಿ (ಯು.ಯು.ಸಿ.ಎಂ.ಎಸ್.) ಪ್ರವೇಶ ಮತ್ತು ಪರೀಕ್ಷೆಯ ದಾಖಲೆಗಳು ಒಂದೆಡೆ ಇರುವುದರಿಂದ ಇಂತಹ ವಿಂಗಡಣೆಗೆ ಅನುಕೂಲವಿದೆ.

ಮಿತಿಗಳು ಮತ್ತು ಟೀಕೆ

ಟಿಂಟೊ ಅವರ ಮಾದರಿಯು ವಿದ್ಯಾರ್ಥಿಯು ತನ್ನ ಹಿಂದಿನ ಸಮುದಾಯದಿಂದ ದೂರವಾಗಿ ಕಾಲೇಜಿನ ಸಂಸ್ಕೃತಿಯಲ್ಲಿ ಸೇರಿಹೋಗಬೇಕೆಂದು ನಿರೀಕ್ಷಿಸುತ್ತದೆ ಎಂದು ವಿಲಿಯಂ ಟಿಯರ್ನಿ 1992ರಲ್ಲಿ ಟೀಕಿಸಿದರು. ಅಂಚಿನ ಸಮುದಾಯಗಳ ವಿದ್ಯಾರ್ಥಿಗಳಿಗೆ ಕುಟುಂಬ ಮತ್ತು ನೆರೆಹೊರೆಯೇ ಬಲವಾಗಿರುತ್ತದೆ ಎಂಬುದು ಈ ಟೀಕೆಯ ಸಾರ. ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಹಲವು ತಲೆಮಾರುಗಳಿಂದ ಬೆಳೆದುಬಂದ ಸಂಘಟನೆ ಮತ್ತು ಪರಸ್ಪರ ನೆರವಿನ ಪರಂಪರೆಯನ್ನು ಈ ದೃಷ್ಟಿಯಿಂದ ನೋಡಬಹುದು.

ಮತ್ತೊಂದು ಮಿತಿ ಸಂಸ್ಥೆಗಳಿಗೆ ಸಂಬಂಧಿಸಿದ್ದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬೋಧನೆಯ ಗಣನೀಯ ಭಾಗ ಅತಿಥಿ ಉಪನ್ಯಾಸಕರ ಮೇಲೆ ನಿಂತಿದೆ. ವರ್ಷದಿಂದ ವರ್ಷಕ್ಕೆ ಉಪನ್ಯಾಸಕರು ಬದಲಾದರೆ ಮಾರ್ಗದರ್ಶಕರೊಂದಿಗಿನ ಸಂಬಂಧ ಕಡಿದುಹೋಗುತ್ತದೆ. ಉಳಿಕೆಯ ಅಂಕಿಯನ್ನೇ ಗುರಿಯಾಗಿಸಿದರೆ ಹಾಜರಾತಿ ಮತ್ತು ಆಂತರಿಕ ಅಂಕಗಳಲ್ಲಿ ಅನಗತ್ಯ ಸಡಿಲಿಕೆ ಉಂಟಾಗಬಹುದೆಂಬ ಆಕ್ಷೇಪವೂ ಇದೆ. ಓದಿಗೆ ತಕ್ಕ ಉದ್ಯೋಗ ಊರಿನ ಸಮೀಪದಲ್ಲಿ ದೊರೆಯದಿದ್ದರೆ ಕಾಲೇಜಿನ ಪ್ರಯತ್ನ ಮಾತ್ರದಿಂದ ಪದವಿಯ ಮೇಲಿನ ನಂಬಿಕೆ ಉಳಿಯುವುದು ಕಷ್ಟ. ಹೀಗಾಗಿ ವ್ಯಾಸಂಗ ಮುಂದುವರಿಕೆಯ ಪ್ರಶ್ನೆಯು ಗಣಿ ಮುಚ್ಚಿದ ನಂತರದ ಪ್ರದೇಶದ ಆರ್ಥಿಕ ಪುನಶ್ಚೇತನದ ಪ್ರಶ್ನೆಯೊಂದಿಗೆ ಬೆಸೆದುಕೊಂಡಿದೆ.

ಇವನ್ನೂ ನೋಡಿ

ಕೋಲಾರ ಚಿನ್ನದ ಗಣಿ
ಬಂಗಾರಪೇಟೆ
ಬೆಂಗಳೂರು ಉತ್ತರ ವಿಶ್ವವಿದ್ಯಾಲಯ
ಕರ್ನಾಟಕದಲ್ಲಿ ಶಿಕ್ಷಣ
ವಿಶ್ವವಿದ್ಯಾಲಯ ಅನುದಾನ ಆಯೋಗ